ಶೆರ್ಬೂರ್‌ನಿಂದ ನೀಡಲ್ಸ್‌ಗೆ ಒಂದೇ ಹೆಡಿಂಗ್: ನನ್ನ ಅನುಭವ

ಫ್ರಾನ್ಸ್‌ನ ಶೆರ್ಬೂರ್‌ನಿಂದ ಇಂಗ್ಲಿಷ್ ಚಾನೆಲ್ ದಾಟಿ, ಐಲ್ ಆಫ್ ವೈಟ್ ದ್ವೀಪದ ಪಶ್ಚಿಮ ತುದಿಯ ನೀಡಲ್ಸ್ ಬಂಡೆಗಳತ್ತ ಮನೆ ಕಡೆ ಬರುವಾಗ ಪ್ಲಾಟರಿನ (ಎಲೆಕ್ಟ್ರಾನಿಕ್ ನಕ್ಷೆಯ) ನೇರ ಗೆರೆ ಬಿಟ್ಟು ಒಂದೇ ಹೆಡಿಂಗ್ (ದೋಣಿಯ ಮೂತಿಯ ದಿಕ್ಕು) ಹಿಡಿಯುತ್ತೇನೆ ಎಂದರೆ ಮರೀನಾದಲ್ಲಿ ನಗುತ್ತಿದ್ದರು. ಈಗ ನಗು ನಿಂತಿದೆ. ಹುಣ್ಣಿಮೆ, ಅಮಾವಾಸ್ಯೆಯ ಜೋರು ಉಬ್ಬರವಿಳಿತದ ಸೆಳೆತದಲ್ಲಿ ಗೆರೆ ಹಿಡಿದು ಬಂದವರಿಗಿಂತ ನನ್ನ 28 ಅಡಿ ಹಾಯಿದೋಣಿ ಒಂದು, ಒಂದೂವರೆ ಗಂಟೆ ಮುಂಚೆ ಒಳಗಿರುತ್ತದೆ.

ದೂರ ಸುಮಾರು 60 ನಾಟಿಕಲ್ ಮೈಲಿ. 5 ನಾಟ್‌ನಲ್ಲಿ (ಗಂಟೆಗೆ 5 ನಾಟಿಕಲ್ ಮೈಲಿ) 12 ಗಂಟೆ, ಅಂದರೆ ಹೆಚ್ಚುಕಮ್ಮಿ ಒಂದು ಪೂರ್ವದ ಸೆಳೆತ, ಒಂದು ಪಶ್ಚಿಮದ್ದು. ಸೆಳೆತದ ನಕ್ಷೆಗಳ ಅಟ್ಲಾಸಿನ ಗಂಟೆವಾರು ಅಂಕಿಗಳನ್ನು ಕೂಡಿ ಕಳೆಯಿರಿ. ಪೂರ್ವಕ್ಕೆ 13, ಪಶ್ಚಿಮಕ್ಕೆ 11 ಬಂದರೆ ಉಳಿಯುವುದು 2 ಮೈಲಿ. ಹೆಡಿಂಗ್ 2 ಡಿಗ್ರಿ ಪಶ್ಚಿಮಕ್ಕೆ, ಅಷ್ಟೇ. ನಡುವೆ ಗೆರೆಯಿಂದ ಹತ್ತು ಮೈಲಿ ಸರಿದರೂ ಹೆಡಿಂಗ್ ಮುಟ್ಟಬೇಡಿ. ಗೆರೆ ಬಿಟ್ಟು ಸರಿದಾಗ ಕೂಗುವ ಕ್ರಾಸ್‌ಟ್ರ್ಯಾಕ್ ಅಲಾರಂ ಆಫ್ ಮಾಡಿಡಿ, ಇಲ್ಲದಿದ್ದರೆ ಮನಸ್ಸು ತಡೆಯದು. ಗೆರೆಗೇ ಅಂಟಿಕೊಂಡವರು 3 ನಾಟ್ ಸೆಳೆತಕ್ಕೆ 37 ಡಿಗ್ರಿ ಓರೆಯಾಗಿ ಹೋಗಬೇಕು. ನೆಲದ ಮೇಲಿನ ವೇಗ 4 ನಾಟ್‌ಗೆ ಕುಸಿಯುತ್ತದೆ.

ಕೈಕೊಡುವುದು ಗಾಳಿ. ಎಂಟನೇ ಗಂಟೆಗೆ ದೋಣಿಯ ವೇಗ 3 ನಾಟ್‌ಗೆ ಬಿದ್ದರೆ ಮೂರನೆಯ ಸೆಳೆತ ಒಳನುಗ್ಗಿ ಲೆಕ್ಕವೆಲ್ಲ ಕೆಡುತ್ತದೆ. 4.5ಕ್ಕಿಂತ ಇಳಿದ ಕೂಡಲೇ ಎಂಜಿನ್ ಹಾಕಿ. ಗಂಟೆಗೆ ಎರಡು ಲೀಟರ್ ಡೀಸೆಲ್‌ಗೆ ಜಿಪುಣತನ ಬೇಡ. ಅಲೆಗೆ ಕುಲುಕಿ ಟ್ಯಾಂಕಿನ ಗಸಿ ಎದ್ದು ಫಿಲ್ಟರ್ ಕಟ್ಟಿಕೊಳ್ಳುವುದೂ ಆಗಲೇ, ಬದಲಿ ಎರಡಿರಲಿ. ಎಂಜಿನ್ ಶುರುವಾದರೆ ಹಾಯಿದೋಣಿಯ ಹಕ್ಕು ಹೋಯಿತು: ಬಲಗಡೆಯಿಂದ ಬರುವ ಹಡಗಿಗೆ ನೀವೇ ದಾರಿ ಬಿಡಬೇಕು.

ಹಡಗುಗಳು ಮೊದಲು ಎಡದಿಂದ, ಅರ್ಧ ದಾಟಿದ ಮೇಲೆ ಬಲದಿಂದ. 18 ನಾಟ್‌ನ ಕಂಟೇನರ್ ಹಡಗಿಗೆ 6 ಮೈಲಿ ಎಂದರೆ 20 ನಿಮಿಷ. ನಮ್ಮ ಸ್ಥಾನವನ್ನೂ ಬಿತ್ತರಿಸುವ ಐದಾರು ನೂರು ಪೌಂಡಿನ ಟ್ರಾನ್ಸ್‌ಪಾಂಡರ್ ಬಿಟ್ಟು, ಹಡಗುಗಳು ರೇಡಿಯೊದಲ್ಲಿ ಕಳಿಸುವ ಸ್ಥಾನ, ವೇಗವನ್ನು ತೋರಿಸುವ ಇನ್ನೂರರ ಆಸುಪಾಸಿನ ಎಐಎಸ್ ರಿಸೀವರ್ ಸಾಕೆಂದುಕೊಂಡೆ. ಹ್ಯಾಂಡ್ ಬೇರಿಂಗ್ ಕಂಪಾಸಿನಲ್ಲಿ ಮೂರು ನಿಮಿಷಕ್ಕೊಮ್ಮೆ ನೋಡುವುದು ತಪ್ಪಲಿಲ್ಲ. ಬೇರಿಂಗ್ (ಹಡಗು ಕಾಣುವ ದಿಕ್ಕು) ಬದಲಾಗದಿದ್ದರೆ ಡಿಕ್ಕಿಯ ದಾರಿಯಲ್ಲಿದ್ದೀರಿ, 30 ಡಿಗ್ರಿಗೂ ಮಿಕ್ಕಿ ತಿರುಗಿ ಹಿಂಬದಿಯಿಂದ ದಾಟಿ. ಐದು ಡಿಗ್ರಿ ತಿರುಗಿದರೆ ಆ ಬ್ರಿಡ್ಜ್‌ನವರಿಗೆ ಕಾಣುವುದೇ ಇಲ್ಲ. ನಡುವೆ ಇನ್ನೊಂದು ಪರೀಕ್ಷೆ: ರೇಡಾರಿನ ಅಲೆಯನ್ನು ಮರಳಿಸುವ ಎಂಟು ಮೂಲೆಯ ರಿಫ್ಲೆಕ್ಟರನ್ನು, ಒಂದು ಮೂಲೆಯಲ್ಲಿ ಮಳೆನೀರು ನಿಲ್ಲುವಂತೆ ಮೇಲ್ಮುಖವಾಗಿ ಕಟ್ಟಿದಾಗ, ಜೊತೆಯ ದೋಣಿಯ ರೇಡಾರಿನಲ್ಲಿ ಗುರುತು ಹೆಚ್ಚು ಸ್ಥಿರವಾಗಿತ್ತು.

ಕೊನೆಯ ಎರಡು ಗಂಟೆಗೆ ಹೆಡಿಂಗ್ ಎಷ್ಟು ತಿದ್ದುತ್ತೇನೆ ಎಂಬುದು ನನ್ನಲ್ಲೇ ಇರಲಿ. ನೀಡಲ್ಸ್‌ನ ಪಶ್ಚಿಮಕ್ಕೆ ಎರಡು ಮೂರು ಮೈಲಿಯಲ್ಲಿ, ಉಬ್ಬರ ಶುರುವಾಗುವಾಗ ಇರಬೇಕು ಎಂದಷ್ಟೇ ಹೇಳುವೆ; ನೀಡಲ್ಸ್ ದಾಟಿದ ಮೇಲಿನ ಕಿರಿದಾದ ಹರ್ಸ್ಟ್ ಬಳಿ 4 ನಾಟ್ ಸೆಳೆತ ಪುಕ್ಕಟೆ. ನೈಋತ್ಯದ ಗಾಳಿ ಬ್ಯೂಫರ್ಟ್ ಮಾಪಕದ 5ಕ್ಕೆ ಏರಿ ಇಳಿತವೂ ಎದುರಿದ್ದರೆ ನೀಡಲ್ಸ್ ದಾರಿಯ ಬದಿಯ ಶಿಂಗಲ್ಸ್ ದಿಬ್ಬದ ಪಕ್ಕ ಅಲೆ ಒಡೆಯುತ್ತದೆ, ಒಳಗೆ ಹೋಗಬೇಡಿ. ದ್ವೀಪದ ಪೂರ್ವ ತುದಿಯ ಬೆಂಬ್ರಿಡ್ಜ್ ಕಡೆಯಿಂದ ಸುತ್ತಿ ಬರುವ ನಿರ್ಧಾರ ನಡುಚಾನೆಲ್‌ನಲ್ಲೇ ಆಗಬೇಕು. ನೀಡಲ್ಸ್ ತಲುಪಿದ ಮೇಲೆ ಪೂರ್ವಕ್ಕೆ ತಿರುಗಿದರೆ ಅದೇ ಇಳಿತ ಎದುರು ನಿಲ್ಲುತ್ತದೆ.