ಸ್ಲಿಪ್ ಕ್ಲಚ್ ಕೊನೆಗೂ ಜಾರಿತು

ಟ್ರ್ಯಾಕ್ಟರ್ ಹಿಂದೆ ಮಣ್ಣು ಪುಡಿ ಮಾಡುವ ರೋಟವೇಟರ್ ಕಲ್ಲಿಗೆ ಸಿಕ್ಕಾಗ, ಸ್ಲಿಪ್ ಕ್ಲಚ್ಚಿನಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ಪ್ಲೇಟುಗಳು ಜಾರಿ ಗೇರ್‌ಬಾಕ್ಸನ್ನು ಉಳಿಸಬೇಕು, ಅಲ್ವಾ? ನನ್ನದು ಜಾರುತ್ತಲೇ ಇರಲಿಲ್ಲ. ಮೊದಲು ಪಿಟಿಒ ಶಾಫ್ಟಿನ (ಟ್ರ್ಯಾಕ್ಟರ್ ಶಕ್ತಿಯನ್ನು ರೋಟವೇಟರಿಗೆ ಕೊಡುವ ಶಾಫ್ಟ್) ಕ್ರಾಸ್, ಅಂದರೆ ಅದರ ಕೀಲು, ಹೋಯಿತು. ಹೊಸದು ಹಾಕಿದೆ, ಅದೂ ಹೋಯಿತು. ಆಮೇಲೆ ಗೇರ್‌ಬಾಕ್ಸಿನ ಪಿನಿಯನ್ ಹಲ್ಲು ಮುರಿಯಿತು. ಆ ಒಂದು ರಿಪೇರಿಗೆ ಸುರಿದ ದುಡ್ಡಲ್ಲಿ ನಾಲ್ಕೈದು ಸೆಟ್ ಕ್ಲಚ್ ಪ್ಲೇಟ್ ಬರುತ್ತಿತ್ತು.

‘ಕ್ಲಚ್ ಕಿತ್ತು ಬಿಸಾಕು, ಶಿಯರ್ ಬೋಲ್ಟ್ ಹಾಕ್ಕೋ’ ಅಂದವರೇ ಎಲ್ಲ. ಭಾರ ಜಾಸ್ತಿಯಾದರೆ ತಾನೇ ತುಂಡಾಗಿ ಉಳಿದದ್ದನ್ನು ಕಾಯುವ ಬೋಲ್ಟ್ ಅದು. ಅದನ್ನೂ ನೋಡಿದೆ. ಕಲ್ಲಿನ ಹೊಲದಲ್ಲಿ ಉಳುವುದಕ್ಕಿಂತ ಬೋಲ್ಟ್ ಬದಲಾಯಿಸುವುದೇ ಜಾಸ್ತಿ. 8.8 ಇರಬೇಕಾದ ಕಡೆ ಇನ್ನೂ ಗಟ್ಟಿಯಾದ 10.9 ಗ್ರೇಡ್ ಬೋಲ್ಟ್ ಹಾಕುವವರೂ ಇದ್ದಾರೆ. ಬೋಲ್ಟ್ ಉಳಿಯುತ್ತೆ, ಗೇರ್‌ಬಾಕ್ಸ್ ಹೋಗುತ್ತೆ.

ಕ್ಲಚ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಲೈನಿಂಗ್ (ಪ್ಲೇಟುಗಳ ನಡುವಿನ ಘರ್ಷಣೆಯ ಪದರ) ಸವೆದೇ ಇರಲಿಲ್ಲ. ತಿಂಗಳುಗಟ್ಟಲೆ ಸುಮ್ನೆ ನಿಂತು, ತೇವಕ್ಕೆ ಪ್ಲೇಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಉಳಿ ಕೊಟ್ಟು ಎಬ್ಬಿಸಿದರೆ ಕೆಂಪು ಪುಡಿ ಉದುರಿತು, ಲೈನಿಂಗಿನ ಅಚ್ಚು ಕಬ್ಬಿಣದ ಮೇಲೆ ಹಾಗೇ ಕೂತಿತ್ತು. ಎಂಟು ಸ್ಪ್ರಿಂಗಿನಲ್ಲಿ ಎರಡು ಮೂರನ್ನು ಹಿಂದಿನ ಮೆಕ್ಯಾನಿಕ್ ಸುರುಳಿಗೆ ಸುರುಳಿ ತಾಗುವಷ್ಟು ಬಿಗಿದಿದ್ದ. ಹಾಗೆ ಬಿಗಿದರೆ ಕ್ಲಚ್ ಇದ್ದೂ ಇಲ್ಲದ ಹಾಗೆ.

ಪ್ಲೇಟುಗಳನ್ನು ಸಮತಟ್ಟಾದ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿದೆ. ಎಣ್ಣೆ ಕೈ ಮುಟ್ಟಿಸಲಿಲ್ಲ. ಸ್ಪ್ರಿಂಗುಗಳನ್ನು ಮ್ಯಾನ್ಯುವಲ್ ಹೇಳಿದ ಉದ್ದಕ್ಕೆ ವರ್ನಿಯರ್ ಹಿಡಿದು ಕೂರಿಸಿದೆ. ನನ್ನದಕ್ಕೆ 32 ಮಿ.ಮೀ. ಆಸುಪಾಸು ಇದ್ದ ನೆನಪು, ನಿಮ್ಮದು ಬೇರೆ ಇರುತ್ತೆ. ಮಧ್ಯದಲ್ಲಿ ಗ್ರಾಫೈಟ್ ಪುಡಿ ಸವರಿಯೂ ನೋಡಿದೆ. ಮೆದು ಮಣ್ಣಲ್ಲೂ ಜಾರಿ ಹೊಗೆ ಬಂತು, ಒರೆಸಿ ತೆಗೆದೆ.

ಈಗ ಪ್ರತಿ ಸೀಸನ್ ಶುರುವಿಗೆ ಪ್ಲೇಟುಗಳ ಅಂಚಿಗೆ ಅಡ್ಡಲಾಗಿ ಒಂದು ಪೇಂಟ್ ಗೆರೆ ಎಳೆಯುತ್ತೇನೆ. ಎಲ್ಲ ನಟ್ಟುಗಳನ್ನೂ ಎರಡೆರಡು ಸುತ್ತು ಸಡಿಲಿಸಿ, ರೋಟರ್ ಮಣ್ಣಿಗಿಳಿಸಿ, ಕಡಿಮೆ ರೇಸಿನಲ್ಲಿ ಪಿಟಿಒ ಎರಡು ಮೂರು ಸೆಕೆಂಡ್ ಕೊಡುತ್ತೇನೆ. ಗೆರೆ ತುಂಡಾದರೆ ಜಾರಿದೆ ಅಂತ ಗ್ಯಾರಂಟಿ. ಆಮೇಲೆ ಅದೇ ಅಳತೆಗೆ ವಾಪಸ್. ಸೀಸನ್ ಮುಗಿದಾಗ ಪ್ಲೇಟುಗಳ ನಡುವೆ ಏನಿಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಶಿಯರ್ ಬೋಲ್ಟ್ ಅಂದವರೇ ಈಗ ತಮ್ಮ ಕ್ಲಚ್ ತಂದು ತೋರಿಸುತ್ತಿದ್ದಾರೆ.

ಒಂದು ಗಂಟೆ ಉತ್ತ ಮೇಲೆ ಇಂಜಿನ್ ಆಫ್ ಮಾಡಿ, ಕ್ಲಚ್ ಹತ್ತಿರ ಅಂಗೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ. ಝಳ ಹೊಡೆದರೆ ಕ್ಲಚ್ ಅತಿಯಾಗಿ ಜಾರುತ್ತಿದೆ ಅಂತ, ಎಲ್ಲ ನಟ್ಟನ್ನೂ ಕಾಲು ಸುತ್ತು ಸಮನಾಗಿ ಬಿಗಿ ಮಾಡಿ, ಅದಕ್ಕಿಂತ ಜಾಸ್ತಿ ಬೇಡ.