ಮಲೆನಾಡಿನ ರಸ್ತೆಯಲ್ಲಿ ಹೊಸ ಪಿಕಪ್‌ನ ಬಣ್ಣ ಉಳಿಸಿದ್ದು ಹೀಗೆ: ನನ್ನ ಅನುಭವ

ಹೊಸ ಪಿಕಪ್‌ಗೆ ಕಲ್ಲೇಟಿನಿಂದ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್ ಹಾಕುತ್ತೇವೆ ಅಂದಾಗ ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಪೇಂಟರ್‌ಗಳಿಂದ ಹಿಡಿದು ಶುಂಠಿ ಲೋಡ್ ಹೊಡೆಯುವ ಡ್ರೈವರ್‌ಗಳವರೆಗೆ ಎಲ್ಲರದ್ದೂ ಒಂದೇ ಮಾತು: “ದುಡಿಯೋ ಗಾಡಿಗೆ ಅದೆಲ್ಲ ಯಾಕೆ? ಒಂದು ಮಳೆಗಾಲಕ್ಕೆ ಎದ್ದು ಬರುತ್ತೆ.” ಎದ್ದು ಬಂದಿಲ್ಲ. ಹುಲಿಕಲ್ ಘಾಟಿಯ ಮಳೆ, ಹೊಸನಗರ ಕಡೆಯ ಕಿತ್ತುಹೋದ ರಸ್ತೆ, ತೋಟದ ಗರಸು ದಾರಿ ಎಲ್ಲ ಕಂಡ ಮೇಲೂ ಸಿಲ್ (ಬಾಗಿಲಿನ ಅಡಿಯ ಉದ್ದನೆ ಪಟ್ಟಿ) ತುಕ್ಕು ಕಂಡಿಲ್ಲ, ಬಾಗಿಲಿನ ಬಣ್ಣ ಶೋರೂಮಿಂದ ಬಂದ ಹಾಗೇ ಇದೆ. ಅದೇ ಕಾಲಕ್ಕೆ ಬಂದ ಬೇರೆ ಗಾಡಿಗಳಲ್ಲಿ ಹಿಂದಿನ ಚಕ್ರದ ಮುಂದಿನ ಮೂಲೆ ನೋಡಿ, ಸಾಸಿವೆ ಚೆಲ್ಲಿದ ಹಾಗೆ ತುಕ್ಕಿನ ಚುಕ್ಕಿ. ಕೇಳುವವರು ಹೆಚ್ಚಾದರು, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಬಾನೆಟ್ ಕಡೆ ನೋಡುತ್ತಾರೆ. ನೂರರ ಸ್ಪೀಡಿನ ಹೈವೇಯಲ್ಲಿ ಅದು ಸರಿ, ಅಲ್ಲಿ ಮುಂದಿನ ಗಾಡಿ ಎಬ್ಬಿಸಿದ ಕಲ್ಲು ಬಂದು ಬಾನೆಟ್ ತುದಿಗೆ ಬಡಿಯುತ್ತದೆ. ನಮ್ಮ ಕಡೆ ನಲವತ್ತು ಐವತ್ತರಲ್ಲಿ ಓಡುವ ಗಾಡಿಗೆ ಏಟು ಕೊಡುವುದು ಅದರದ್ದೇ ಮುಂದಿನ ಚಕ್ರ. ಟೈರಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಜಲ್ಲಿ ಹಿಂದಕ್ಕೆ ಸಿಡಿದು ಸಿಲ್, ಬಾಗಿಲಿನ ಕೆಳಭಾಗ, ಹಿಂದಿನ ಬಾಡಿಯ (ಲೋಡ್ ಹಾಕುವ ಭಾಗದ) ಮುಂದಿನ ಮೂಲೆ ಈ ಮೂರು ಕಡೆ ಬಡಿಯುತ್ತದೆ. ತಿರುವುಗಳಲ್ಲಿ ಚಕ್ರ ಫೆಂಡರಿನಿಂದ ಹೊರಗೆ ಬರುವುದರಿಂದ ಏಟು ಇನ್ನೂ ಮೇಲಕ್ಕೆ, ಬಾಗಿಲಿನ ಅರ್ಧದವರೆಗೂ ಹೋಗುತ್ತದೆ. ಹಾಗಾಗಿ ನಮ್ಮ ಕ್ರಮ ಕೆಳಗಿನಿಂದ ಮೇಲಕ್ಕೆ: ಮೊದಲು ಚಕ್ರದ ಹಿಂದೆ ತೂಗುವ ಫ್ಲಾಪ್, ಆಮೇಲೆ ಕಲ್ಲೇಟು ತಡೆಯುವ ಸ್ಟೋನ್ ಗಾರ್ಡ್ ಕೋಟಿಂಗ್, ಕೊನೆಗೆ ಫಿಲ್ಮ್. ಸೆರಾಮಿಕ್ ಕೋಟಿಂಗ್ ಈ ಲೆಕ್ಕಕ್ಕೇ ಬರುವುದಿಲ್ಲ. ಒಂದೆರಡು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪದ ಪದರ ಕಲ್ಲನ್ನು ಹೇಗೆ ತಡೆದೀತು? ಕೆಂಪು ಕೆಸರು ಬೇಗ ತೊಳೆದುಹೋಗಲು ಸಹಾಯ ಆಗುತ್ತದೆ, ಅಷ್ಟೇ. ಹತ್ತು ಹದಿನೈದು ಸಾವಿರ ಅದಕ್ಕೆ ಸುರಿದು ಫ್ಲಾಪ್ ಹಾಕದೇ ಬಿಟ್ಟವರನ್ನು ನೋಡಿದರೆ ಬೇಜಾರಾಗುತ್ತದೆ.

ಫ್ಲಾಪಿಗೆ ಕಂಪನಿಯ ಗಟ್ಟಿ ಪ್ಲಾಸ್ಟಿಕ್ ಬೇಡ, ಒಂದು ಸಲ ಕಲ್ಲಿಗೆ ತಾಗಿದರೆ ಸೀಳುತ್ತದೆ. ಜಲ್ಲಿ ಕ್ರಷರ್‌ನವರು ಬದಲಿಸಿದ ಹಳೆ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಗುತ್ತದೆ, ಒಳಗೆ ಬಟ್ಟೆಯ ಪದರ ಇರುವುದರಿಂದ ಹರಿಯುವುದಿಲ್ಲ. 5-6 ಮಿ.ಮೀ. ದಪ್ಪ ಸಾಕು. ಎಂಟು ಹತ್ತು ಮಿ.ಮೀ. ಹಾಕಿದರೆ ಅದರ ಭಾರಕ್ಕೆ ಫೆಂಡರಿನ ತುದಿಯೇ ಬಗ್ಗುತ್ತದೆ. ಅಗಲ ಟೈರಿಗಿಂತ ಎರಡೂ ಕಡೆ ಒಂದೊಂದು ಇಂಚು ಜಾಸ್ತಿ ಇರಲಿ. ನೆಲದಿಂದ ಐದಾರು ಇಂಚು ಬಿಡಬೇಕು. ಆ ಅಳತೆಯನ್ನು ಲೋಡ್ ಹಾಕಿಯೇ ತೆಗೆಯಬೇಕು, ಖಾಲಿ ಗಾಡಿಯಲ್ಲಿ ಅಳೆದರೆ ಲೋಡ್ ಬಿದ್ದಾಗ ಸ್ಪ್ರಿಂಗ್ ಪ್ಲೇಟ್ ಕುಸಿದು ಹಿಂದಿನ ಫ್ಲಾಪ್ ನೆಲ ಉಜ್ಜುತ್ತದೆ. ಮುಂದಿನದಕ್ಕೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಬೋಲ್ಟ್ ಬಿಗಿಯಿರಿ. ಮೇಲ್ಭಾಗಕ್ಕೆ ಅಡ್ಡ ಒಂದು ಅಲ್ಯೂಮಿನಿಯಂ ಪಟ್ಟಿ ಕೊಟ್ಟರೆ ಗಾಳಿಗೆ ಫ್ಲಾಪ್ ಹಿಂದಕ್ಕೆ ಮಡಚಿಕೊಳ್ಳುವುದಿಲ್ಲ.

ಬೋಲ್ಟ್ ಎಂ6 ಸ್ಟೇನ್‌ಲೆಸ್, ಒಂದು ಫ್ಲಾಪಿಗೆ ನಾಲ್ಕು. ಸ್ಟೇನ್‌ಲೆಸ್ ನೇರವಾಗಿ ಬಾಡಿ ತಗಡಿಗೆ ಕೂತರೆ ಮಳೆನೀರಿನಲ್ಲಿ ತಗಡೇ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಮಧ್ಯೆ ನೈಲಾನ್ ವಾಷರ್ ಕಡ್ಡಾಯ. ಆದಷ್ಟು ಚಕ್ರದ ಕಮಾನಿನೊಳಗಿನ ಪ್ಲಾಸ್ಟಿಕ್ ಲೈನರಿನ ಹಳೆ ತೂತುಗಳನ್ನೇ ಬಳಸಿ. ಹೊಸ ತೂತು ಹೊಡೆಯಲೇಬೇಕಾದರೆ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಸೀಲರ್ ತುಂಬಿ. ಹೆಚ್ಚಿನವರು ಬಿಡುವ ಇನ್ನೊಂದು ಕೆಲಸ: ಫ್ಲಾಪಿನ ಅಂಚು ಫೆಂಡರಿಗೆ ತಾಗುವ ಜಾಗದಲ್ಲಿ ಒಂದೂವರೆ ಇಂಚು ಅಗಲದ ಫಿಲ್ಮ್ ಪಟ್ಟಿ ಮೊದಲೇ ಅಂಟಿಸಬೇಕು. ಇಲ್ಲದಿದ್ದರೆ ರಬ್ಬರಿಗೂ ಬಣ್ಣಕ್ಕೂ ನಡುವೆ ಸೇರಿದ ಜಂಬಿಟ್ಟಿಗೆ ಮಣ್ಣು ಎಮರಿ ಪೇಪರಿನ ಕೆಲಸ ಮಾಡುತ್ತದೆ. ಬಣ್ಣ ಉಳಿಸಲು ಹಾಕಿದ ಫ್ಲಾಪೇ ಬಣ್ಣ ತಿಂದ ಗಾಡಿಗಳು ಬೇಕಾದಷ್ಟಿವೆ.

ಕೋಟಿಂಗ್ ವಿಷಯದಲ್ಲಿ ದುಡ್ಡು ಹೆಚ್ಚು ಹಾಳಾಗುವುದು. ಅಗ್ಗದ್ದು ಡಾಂಬರಿನ ಕಪ್ಪು ಅಂಡರ್‌ಬಾಡಿ ಕೋಟ್, ಲೀಟರಿಗೆ ಮುನ್ನೂರು ನಾಲ್ಕುನೂರು. ಚಾಸಿಗೆ ಓಕೆ, ಸಿಲ್ಲಿಗೆ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಡೀಸೆಲ್ ಚೆಲ್ಲಿದರೆ ಕರಗುತ್ತದೆ. ಎರಡನೆಯದು ಮೇಲೆ ಬಣ್ಣ ಹೊಡೆಯಬಹುದಾದ ರಬ್ಬರ್ ಕೋಟ್, ಲೀಟರಿಗೆ ಆರೇಳುನೂರು. ಚಕ್ರದ ಕಮಾನಿನ ಒಳಗೆ ಅದು ಚೆನ್ನಾಗಿದೆ, ಮೆತ್ತಗಿರುವುದರಿಂದ ಕಲ್ಲಿನ ಏಟನ್ನು ನುಂಗುತ್ತದೆ. ಹೊರಗೆ ಕಾಣುವ ಸಿಲ್‌ಗೆ ನಿಂತದ್ದು ಮಾಲು ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡನ್ನೂ ಬೆರೆಸುವ ಪಿಯು (ಪಾಲಿಯುರೆಥೇನ್) ಕೋಟಿಂಗ್, ಹಿಂದಿನ ಬಾಡಿಯ ಒಳಗೆ ಹೊಡೆಯುವ ಅದೇ ಮಾಲು. ನಾಲ್ಕು ಲೀಟರಿನ ಕಿಟ್ ಐದು ಸಾವಿರದ ಆಸುಪಾಸು. ಡಬಲ್ ಕ್ಯಾಬಿನ್ ಪಿಕಪ್‌ನ ಎರಡೂ ಸಿಲ್, ಹಿಂದಿನ ಕಮಾನಿನ ತುದಿ, ಮುಂದಿನ ಬಂಪರಿನ ಕೆಳ ಅಂಚು ಸೇರಿ ಎರಡು ಸಲ ಹೊಡೆಯಲು ಎರಡು ಲೀಟರ್ ಹಿಡಿಯುತ್ತದೆ. ಉಳಿದದ್ದು ಇನ್ನೊಂದು ಗಾಡಿಗೆ ಆಗುತ್ತದೆ, ಇಬ್ಬರು ಸೇರಿ ತೆಗೆದುಕೊಂಡರೆ ಲಾಭ.

ಇದರಲ್ಲಿ ಕೆಲಸ ಕೆಡುವುದು ನಮ್ಮ ಹವೆಯಿಂದ. ಪಿಯುವಿನ ಹಾರ್ಡನರ್‌ಗೆ ತೇವ ಆಗುವುದಿಲ್ಲ. ಗಾಳಿಯ ನೀರಿನಂಶದ ಜೊತೆ ಸೇರಿ ಒಳಗೇ ಗ್ಯಾಸ್ ಎಬ್ಬಿಸುತ್ತದೆ. ಹೊಡೆದಾಗ ಚೆನ್ನಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಸೂಜಿಮೊನೆಯಂಥ ತೂತುಗಳು. ಆ ತೂತಿನಲ್ಲಿ ನೀರು ನಿಂತು ಕೋಟನ್ನು ಒಳಗಿಂದಲೇ ಎಬ್ಬಿಸುತ್ತದೆ. ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಬೀಳುವ ಆಗುಂಬೆ ಸೀಮೆಯಲ್ಲಂತೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಪ್ರೇ ಗನ್ ಮುಟ್ಟಬೇಡಿ. ಫೆಬ್ರವರಿ-ಮಾರ್ಚ್ ಒಳ್ಳೆಯ ಕಾಲ. ಆಗಲೂ ಬೆಳಗಿನ ಇಬ್ಬನಿ ಹಾರಿ, ತಗಡು ಕೈಗೆ ಬೆಚ್ಚಗೆ ತಾಗಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ಮುಗಿಸಬೇಕು. ಕಂಪ್ರೆಸರ್ ಟ್ಯಾಂಕಿನ ನೀರನ್ನು ಶುರು ಮಾಡುವ ಮೊದಲೂ ಮಧ್ಯದಲ್ಲೂ ಬಿಡಿ, ಲೈನಿಗೆ ನೀರು ಹಿಡಿಯುವ ಫಿಲ್ಟರ್ ಹಾಕಿ. ಮಾಲು ಸರಿಯಿಲ್ಲ ಅಂತ ಅಂಗಡಿಯವನಿಗೆ ಬೈಯುವ ಅರ್ಧಕ್ಕರ್ಧ ಕೇಸಿನಲ್ಲಿ ತಪ್ಪು ಕಂಪ್ರೆಸರ್ ನೀರಿನದ್ದು.

ಹೊಳಪಿನ ಮೇಲೆ ಪಿಯು ಹಿಡಿಯುವುದಿಲ್ಲ. 320 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಪೂರ್ತಿ ಸಾಯುವಷ್ಟು ಉಜ್ಜಿ, ಪ್ರೈಮರ್ ಕಾಣುವಷ್ಟಲ್ಲ. ಮೂರು ಭಾಗ ಮಾಲಿಗೆ ಒಂದು ಭಾಗ ಹಾರ್ಡನರ್, ಎರಡು ನಿಮಿಷ ಕುಲುಕಿ. ಒಂದೂವರೆ ಅಡಿ ದೂರದಿಂದ, ಐವತ್ತು ಅರವತ್ತು ಪಿಎಸ್‌ಐನಲ್ಲಿ ಹೊಡೆದರೆ ಮೇಲ್ಮೈಗೆ ಮಧ್ಯಮ ತರಿ ಬರುತ್ತದೆ. ಪ್ರೆಷರ್ ಏರಿಸಿದಷ್ಟೂ ತರಿ ಸಣ್ಣದಾಗುತ್ತದೆ. ದೊಡ್ಡ ತರಿ ಬೇಡ, ಅದರ ಸಂದಿಗೆ ಸೇರಿದ ಕೆಂಪು ಮಣ್ಣು ಬ್ರಷ್ ಹಾಕದೆ ಬರುವುದಿಲ್ಲ. ಮೊದಲ ಕೋಟ್ ಆಗಿ ಎರಡನೆಯದಕ್ಕೆ ಒಂದು ಗಂಟೆ ಬಿಡಿ. ಮುಖಕ್ಕೆ ಬರೀ ಧೂಳಿನ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಇಲ್ಲದೆ ಹಾರ್ಡನರ್ ಡಬ್ಬ ತೆಗೆಯಲೇಬೇಡಿ. ಗನ್ ಹಿಡಿಯುವ ಮೊದಲು ಬಾಗಿಲಿನ ಕೆಳಗೆ, ಸಿಲ್ಲಿನ ಅಡಿಗೆ ಇರುವ ನೀರು ಹೋಗುವ ತೂತುಗಳನ್ನೆಲ್ಲ ಹುಡುಕಿ, ಒಂದೊಂದಕ್ಕೂ ಊದುಬತ್ತಿ ಕಡ್ಡಿ ಸಿಕ್ಕಿಸಿಡಿ. ಕೋಟ್ ಒಣಗುವ ಮೊದಲು ಕಡ್ಡಿ ಎಳೆದರೆ ತೂತು ತೆರೆದೇ ಇರುತ್ತದೆ. ಆ ತೂತು ಮುಚ್ಚಿತೋ, ಮಳೆಗಾಲ ಪೂರ್ತಿ ಸಿಲ್ಲಿನೊಳಗೆ ನೀರು ನಿಲ್ಲುತ್ತದೆ. ಹೊರಗೆ ಎಷ್ಟು ದಪ್ಪ ಬಳಿದರೂ ಒಳಗಿಂದ ಕೊಳೆಯುವುದು ತಪ್ಪುವುದಿಲ್ಲ.

ಇನ್ನು ಎಲ್ಲರೂ ತಲೆ ಅಲ್ಲಾಡಿಸಿದ ಫಿಲ್ಮ್. ರಬ್ಬರಿನಂತೆ ಹಿಗ್ಗುವ ಟಿಪಿಯು ಪ್ಲಾಸ್ಟಿಕ್ಕಿನದ್ದೇ ಬೇಕು, ಪಿವಿಸಿ ಕೊಳ್ಳಬೇಡಿ. ಎರಡು ಬೇಸಿಗೆಗೆ ಹಳದಿಯಾಗುತ್ತದೆ, ಕೀಳುವಾಗ ಗೋಂದು ಬಿಟ್ಟುಹೋಗುತ್ತದೆ. ಟಿಪಿಯು ಅಂತ ಹೇಳಿ ಪಿವಿಸಿ ಕೊಡುವವರೂ ಇದ್ದಾರೆ. ಒಂದು ತುಂಡು ಕೈಯಲ್ಲಿ ಎಳೆದು ಬಿಡಿ, ಟಿಪಿಯು ಮೊದಲಿನ ಅಳತೆಗೆ ವಾಪಸ್ ಬರುತ್ತದೆ, ಪಿವಿಸಿ ಎಳೆದಲ್ಲೇ ಉಳಿಯುತ್ತದೆ. 190-200 ಮೈಕ್ರಾನ್ ದಪ್ಪದ್ದು ತೆಗೆದುಕೊಳ್ಳಿ. ಕಂಪನಿಯ ಬಣ್ಣದ ಪದರಗಳೆಲ್ಲ ಸೇರಿ 100-130 ಮೈಕ್ರಾನ್ ಇರುವಾಗ ಅದಕ್ಕಿಂತ ದಪ್ಪದ ಕವಚ ಮೇಲೆ ಕೂರುತ್ತದೆ. ಪೂರ್ತಿ ಗಾಡಿಗೆ ಅಂಗಡಿಗಳಲ್ಲಿ ಎಂಬತ್ತು ಸಾವಿರದಿಂದ ಲಕ್ಷದ ಮಾತು. ಅದು ಬೇಡ. ಬಾನೆಟ್ಟಿನ ಮುಂದಿನ ಎರಡಡಿ, ಕನ್ನಡಿಯ ಬೆನ್ನು, ವಿಂಡ್‌ಶೀಲ್ಡ್ ಪಕ್ಕದ ಕಂಬ, ಬಾಗಿಲಿನ ಕೆಳಗಿನ ಒಂದಡಿ, ಹಿಂದಿನ ಬಾಡಿಯ ಮುಂದಿನ ಮೂಲೆ. ಐದಡಿ ಅಗಲದ ರೋಲಿನಲ್ಲಿ ಹನ್ನೊಂದು ಹನ್ನೆರಡು ಅಡಿ ಉದ್ದ ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಡಿ ಲೆಕ್ಕದಲ್ಲಿ ಕೊಂಡಾಗ ಅಡಿಗೆ ಎಂಟುನೂರರ ಹತ್ತಿರ ಬಿತ್ತು.

ಅಂಟಿಸುವ ಮೊದಲು ಬಣ್ಣದ ದಪ್ಪ ತೋರಿಸುವ ಪೇಂಟ್ ಗೇಜಿನಲ್ಲಿ ಪ್ಯಾನೆಲ್‌ಗಳನ್ನು ಅಳೆಯಿರಿ. ಹೊಸ ಗಾಡಿಯೂ ಸಾಗಣೆಯಲ್ಲಿ ಉಜ್ಜಿ, ಮತ್ತೆ ಬಣ್ಣ ಹೊಡೆಸಿಕೊಂಡು ಬಂದಿರಬಹುದು. 200 ಮೈಕ್ರಾನ್ ದಾಟಿದರೆ ಅದು ಎರಡನೇ ಬಣ್ಣ ಅಂತಲೇ ತಿಳಿಯಿರಿ. ಅದರೊಳಗಿನ ಥಿನ್ನರ್ ಹೊರಗೆ ಹೋಗಲು ತಿಂಗಳಾದರೂ ಬಿಡಬೇಕು. ಫ್ಯಾಕ್ಟರಿಯ ಓವನ್‌ನಲ್ಲಿ ಬೆಂದ ಬಣ್ಣಕ್ಕೆ ಆ ಕಾಯುವಿಕೆ ಬೇಡ, ಸಿಲ್ಲಿನ ಕೋಟ್ ಒಣಗಿದ ಕೂಡಲೇ ಹಾಕಿ, ಕಲ್ಲು ತಾಗುವ ಮುಂಚೆ.

ಡಾಂಬರಿನ ಚುಕ್ಕಿಗೆ ಸೀಮೆಎಣ್ಣೆ ಹಾಕುವವರು ಅದರ ಜಿಡ್ಡನ್ನು ಪೂರ್ತಿ ತೆಗೆಯದಿದ್ದರೆ ಫಿಲ್ಮ್ ಕೂರುವುದಿಲ್ಲ. ಬಣ್ಣಕ್ಕಂಟಿದ ಕೊಳೆ ಎತ್ತುವ ಕ್ಲೇ ಉಂಡೆ ಉಜ್ಜಿ, ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಎರಡು ಸಲ ಒರೆಸಿ. ಐಪಿಎ ಲ್ಯಾಬ್ ಕೆಮಿಕಲ್ ಅಂಗಡಿಯಿಂದ ತನ್ನಿ. ಸ್ಯಾನಿಟೈಸರ್ ನಡೆಯುವುದಿಲ್ಲ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಫಿಲ್ಮನ್ನು ಜಾಗಕ್ಕೆ ಜಾರಿಸುವ ನೀರು: ಒಂದು ಲೀಟರಿಗೆ ಬೇಬಿ ಶಾಂಪೂ ನಾಲ್ಕೈದು ಹನಿ. ಜಾಗಕ್ಕೆ ಕೂತ ಮೇಲೆ ಹಿಡಿಸುವ ನೀರು: ಒಂದು ಭಾಗ ಐಪಿಎ, ನಾಲ್ಕು ಭಾಗ ನೀರು. ಬೋರ್‌ವೆಲ್ ನೀರಿನ ಸುಣ್ಣ ಫಿಲ್ಮಿನ ಅಡಿ ಬಿಳಿ ಕಲೆಯಾಗಿ ಕೂರುತ್ತದೆ, ಆರ್‌ಒ ಫಿಲ್ಟರ್ ನೀರು ಬಳಸಿ. ಪೇಪರಿನಲ್ಲಿ ಅಚ್ಚು ತೆಗೆದು ಮೇಜಿನ ಮೇಲೆ ಕತ್ತರಿಸಿ, ಗಾಡಿಯ ಮೇಲೆ ಬ್ಲೇಡ್ ಆಡಿಸಬೇಡಿ. ಬಣ್ಣದ ಮೇಲೆ ಬ್ಲೇಡಿನ ಗೆರೆ ಬಿದ್ದರೆ ಮೊದಲ ತುಕ್ಕು ಅಲ್ಲೇ ಹುಟ್ಟುತ್ತದೆ.

“ಎದ್ದು ಬರುತ್ತೆ” ಅನ್ನುವ ದೂರಿಗೆ ಕಾರಣ ಎರಡು. ಒಂದು, ಮೂಲೆಯಲ್ಲಿ ಎಳೆದು ಕೂರಿಸಿದ ಫಿಲ್ಮ್ ಮೆಲ್ಲಗೆ ತನ್ನ ಅಳತೆಗೆ ವಾಪಸ್ ಹೋಗುತ್ತದೆ. ಎರಡು, ನಮ್ಮ ನುಣ್ಣನೆ ಕೆಂಪು ಮಣ್ಣಿನ ನೀರು ಅಂಚಿನಡಿ ನುಸುಳಿ ಗೋಂದನ್ನು ಕೊಲ್ಲುತ್ತದೆ. ಆದ್ದರಿಂದ ಎಳೆತ ಪ್ಯಾನೆಲ್ಲಿನ ನಡುಭಾಗದಲ್ಲಿ ಮುಗಿಯಬೇಕು, ಅಂಚು ಸಡಿಲವಾಗಿ ಬಂದು ಕೂರಬೇಕು. ಬಾನೆಟ್ ತುದಿಯಲ್ಲಿ ಕಾಲು ಇಂಚು ಒಳಕ್ಕೆ ಮಡಚಿ, ಮಡಚುವ ಜಾಗ ಪೂರ್ತಿ ಒಣಗಿಸಿ, ಕೈ ತಾಗಿಸಿದರೆ ತಡೆಯಲಾಗದಷ್ಟು ಹೀಟ್ ಗನ್ ಬಿಸಿ ಕೊಟ್ಟು ಒತ್ತಿ. ಮಡಚಲಾಗದ ಅಂಚನ್ನು ಪ್ಯಾನೆಲ್ ತುದಿಯಿಂದ ಒಂದೆರಡು ಮಿ.ಮೀ. ಒಳಗೇ ನಿಲ್ಲಿಸಿ. ಬಾಗಿಲಿನ ಕೆಳಗಿನ ಫಿಲ್ಮ್ ಪಿಯು ಕೋಟಿನ ಜೊತೆ ಸೇರುವ ಗೆರೆಯೇ ಅತಿ ಕಷ್ಟದ ಜಾಗ. ಅಲ್ಲಿ ಅಂಚು ಮುಚ್ಚಲು ನಾವು ಬಳಸುವ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಶೆಡ್ಡಿಗೆ ಬಂದವರಿಗೆ ತೋರಿಸುತ್ತೇವೆ. ಏನೇ ಇರಲಿ, ಮೊದಲು ಕೋಟ್, ಅದು ವಾರ ಒಣಗಿದ ಮೇಲೆ ಫಿಲ್ಮ್. ಅಂಟಿಸಿದ ಮೇಲೆ ಎರಡು ದಿನ ನೆರಳಿನಲ್ಲಿ ನಿಲ್ಲಿಸಿ, ವಾರ ತೊಳೆಯಬೇಡಿ. ಆಮೇಲೂ ಪ್ರೆಷರ್ ವಾಷರ್ ನಳಿಕೆ ಒಂದಡಿ ದೂರ ಇರಲಿ, ನೀರು ಅಂಚಿಗೆ ಎದುರಾಗಿ ಹೊಡೆಯದಿರಲಿ. ಸರ್ವಿಸ್ ಸ್ಟೇಷನ್ ಹುಡುಗರಿಗೆ ಇದನ್ನು ಪ್ರತಿ ಸಲ ಹೇಳಬೇಕು.

ಖರ್ಚು: ಫ್ಲಾಪ್, ಬೋಲ್ಟ್ ಸೇರಿ ಸಾವಿರದ ಇನ್ನೂರು, ಕೋಟಿಂಗ್ ಐದು ಸಾವಿರ, ಫಿಲ್ಮ್ ಒಂಬತ್ತೂವರೆ ಸಾವಿರ, ಐಪಿಎ, ಪೇಪರ್, ಟೇಪ್, ಮಾಸ್ಕ್ ಎಲ್ಲ ಸೇರಿ ಎರಡು ಸಾವಿರ. ಹದಿನೆಂಟು ಸಾವಿರದೊಳಗೆ ಮುಗಿದಿದೆ. ಎರಡೂ ಕಡೆ ಸಿಲ್ ತುಕ್ಕು ಕತ್ತರಿಸಿ, ತಗಡು ಬೆಸೆದು, ಪುಟ್ಟಿ ಬಳಿದು ಬಣ್ಣ ಹೊಡೆಯುವ ಕೂಲಿಯೇ ಇದನ್ನು ದಾಟುತ್ತದೆ. ಆ ಬಣ್ಣ ಫ್ಯಾಕ್ಟರಿಯದ್ದೂ ಅಲ್ಲ.

ಪಕ್ಕದಲ್ಲಿ ನಡೆದ ಪ್ರಯೋಗಗಳನ್ನೂ ಹೇಳಬೇಕು. ಲಾರಿಯವರು ಮಳೆಗೆ ಮುಂಚೆ ಹಳೆ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಅಡಿಗೆ ಹೊಡೆಸುತ್ತಾರಲ್ಲ, ಅದನ್ನು ಒಂದು ಹಳೆ ಗಾಡಿಗೆ ಮಾಡಿ ನೋಡಿದ್ದಾಯಿತು. ಚಾಸಿಯ ಒಳ ಸಂದಿಯಲ್ಲಿ ಉಳಿಯುತ್ತದೆ, ಚಕ್ರದ ನೀರು ಬಡಿಯುವ ಕಡೆ ಜುಲೈ ಮುಗಿಯುವುದರೊಳಗೆ ಹೋಗಿಬಿಡುತ್ತದೆ. ರಬ್ಬರ್ ಬುಷ್‌ಗಳು ಊದಿಕೊಳ್ಳುತ್ತವೆ, ಆಯಿಲ್ ತೊಟ್ಟಿಕ್ಕಿ ತೋಟದ ಮಣ್ಣೂ ಹಾಳು. ಬಿಟ್ಟೆವು.

ಇನ್ನೊಂದು ಅಡಿಕೆ ಚೊಗರಿನದ್ದು, ಅಂದರೆ ಅಡಿಕೆ ಬೇಯಿಸಿದ ಕಂದು ನೀರಿನದ್ದು. ಬೇಯಿಸಿದ ಅಡಿಕೆ ಹೇರುವಾಗ ಚೊಗರು ಇಳಿದರೆ ಫಿಲ್ಮಿನ ಮೇಲೆ ಕಂದು ಕಲೆ ನಿಲ್ಲುತ್ತದೆ. ಅದೇ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಬಿಸಿಲು ಕಂಡಿತೋ, ಹೋಗುವುದಿಲ್ಲ. ಆದರೆ ಬಾಡಿಯೊಳಗಿನ ತುಕ್ಕಿಗೆ ಬಿದ್ದ ಚೊಗರು ಅದನ್ನು ಕಪ್ಪಾಗಿಸುವುದು ಕಂಡಿತು. ತುಕ್ಕು ಬದಲಾಯಿಸುವ ಕೆಲವು ಬಾಟಲಿ ದ್ರಾವಣಗಳಲ್ಲೂ ಚೊಗರಿನಲ್ಲಿರುವ ಟ್ಯಾನಿನ್ನೇ ಇರುವುದರಿಂದ, ಗಟ್ಟಿ ಚೊಗರನ್ನು ಬ್ರಷ್‌ನಲ್ಲಿ ಬಳಿದು ನೋಡಲಾಯಿತು. ಕಪ್ಪಾಗುತ್ತದೆ, ನಿಜ. ಆದರೆ ಪದರ ಪುಡಿಪುಡಿ, ಮೇಲೆ ಎಪಾಕ್ಸಿ ಪ್ರೈಮರ್ ಕೊಟ್ಟರೂ ಉಗುರಿಗೆ ಎದ್ದು ಬರುತ್ತದೆ. ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣದ ಹತ್ತಿರಕ್ಕೂ ಬರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಫಿಲ್ಮ್ ಇಲ್ಲದ ಜಾಗಕ್ಕೆ ಒಂದೊಂದು ಕಲ್ಲು ತಾಗುತ್ತದೆ. ತಗಡು ಬೆಳ್ಳಗೆ ಕಂಡರೆ ಅದೇ ವಾರ ಮುಚ್ಚಿ, ಮಳೆಗಾಲದಲ್ಲಿ ಎರಡು ರಾತ್ರಿಗೇ ಕೆಂಪಾಗುತ್ತದೆ. ಐಪಿಎಯಲ್ಲಿ ಒರೆಸಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಎಪಾಕ್ಸಿ ಪ್ರೈಮರಿನ ಒಂದು ಚುಕ್ಕಿಯನ್ನು ಹಲ್ಲುಕಡ್ಡಿಯಲ್ಲಿ ಇಡಿ. ಗುಳಿಯೊಳಗೇ ಇರಲಿ, ಸುತ್ತಲಿನ ಬಣ್ಣದ ಮೇಲೆ ಏರದಿರಲಿ. ಮಾರನೇ ದಿನ ಟಚಪ್ ಬಣ್ಣ ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲ ಅರ್ಧ ಗಂಟೆ ಬಿಟ್ಟು. ಸಮ ಮಾಡಲು 2000ದ ಪೇಪರ್ ಉಜ್ಜುವುದನ್ನು ಮಳೆ ನಿಂತ ಮೇಲೆ ಮಾಡಿದರೂ ನಡೆಯುತ್ತದೆ. ಮಳೆಗಾಲ ಕಳೆಯುವವರೆಗೆ ಅದರ ಮೇಲೆ ನಾಣ್ಯದಗಲ ಕತ್ತರಿಸಿದ ಫಿಲ್ಮ್ ತುಂಡು ಅಂಟಿಸಿಡಿ. ಅಚ್ಚು ಕತ್ತರಿಸಿ ಉಳಿದ ಚೂರುಗಳನ್ನು ಎಸೆಯದೆ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟಿರಬೇಕು ಅನ್ನುವುದು ಇದಕ್ಕೇ.