ವೇಲ್ಸ್ ರಗ್ಬಿ ತಂಡಗಳ ವಂಶವೃಕ್ಷ ಬರೆಯುವುದು ಹೇಗೆ?

ವೇಲ್ಸ್‌ನ ವೃತ್ತಿಪರ ತಂಡ ಆಸ್ಪ್ರೇಸ್ ಎಂದರೆ ಹಳೆಯ ಸ್ವಾನ್ಸಿ ಕ್ಲಬ್‌ನ ಹೊಸ ಹೆಸರು ಎನ್ನುವವರಿದ್ದಾರೆ. 2003ರಲ್ಲಿ ಹಳೆಯ ಕ್ಲಬ್‌ಗಳೆಲ್ಲ ಮುಚ್ಚಿಹೋದವು ಎನ್ನುವವರೂ ಇದ್ದಾರೆ. ಎರಡೂ ತಪ್ಪು. ರಗ್ಬಿ ಯೂನಿಯನ್ ಎಂಬ ಹದಿನೈದು ಜನರ ತಂಡದ ಆಟವನ್ನು ನೋಡಲು ಹೊಸದಾಗಿ ಕುಳಿತವರು ಈ ವಂಶವೃಕ್ಷವನ್ನು ಒಮ್ಮೆ ಕೈಯಾರೆ ಬರೆದರೆ ಗೊಂದಲ ತೀರುತ್ತದೆ. ಪೆನ್ಸಿಲ್ಲಿನಲ್ಲೇ ಬರೆಯಿರಿ.

ಹಂತ 1: ಹಾಳೆಯನ್ನು ಅಡ್ಡ ಇಟ್ಟು ಎಡ ಅಂಚಿನಲ್ಲಿ 1995 ಎಂದು ಬರೆಯಿರಿ. ಆಟಗಾರರಿಗೆ ಸಂಬಳ ಕೊಡಲು ಅನುಮತಿ ಸಿಕ್ಕಿದ ವರ್ಷ ಅದು.

ಹಂತ 2: ಪಕ್ಕದಲ್ಲಿ 2001. ಆ ವರ್ಷ ಶುರುವಾದ ಸೆಲ್ಟಿಕ್ ಲೀಗ್‌ಗೆ ಐರ್ಲೆಂಡ್ ತನ್ನ ನಾಲ್ಕು ಪ್ರಾಂತ್ಯಗಳನ್ನು, ಸ್ಕಾಟ್ಲೆಂಡ್ ಎರಡು ತಂಡಗಳನ್ನು ಕಳುಹಿಸಿದವು. ವೇಲ್ಸ್ ಕಳುಹಿಸಿದ್ದು ಒಂಬತ್ತು ಕ್ಲಬ್‌ಗಳನ್ನು: ಕಾರ್ಡಿಫ್, ಲನೆಲ್ಲಿ, ಸ್ವಾನ್ಸಿ, ನೀತ್, ಪಾಂಟಿಪ್ರೀದ್, ಬ್ರಿಜೆಂಡ್, ನ್ಯೂಪೋರ್ಟ್, ಎಬ್ಬು ವೇಲ್, ಕೆರ್ಫಿಲಿ. ಸುಮಾರು 29 ಲಕ್ಷ ಜನರ ನಾಡು ಒಂಬತ್ತು ವೃತ್ತಿಪರ ತಂಡಗಳನ್ನು ಸಾಕಲಾರದು. ಮುಂದಿನದ್ದಕ್ಕೆಲ್ಲ ಕಾರಣ ಇದೇ.

ಹಂತ 3: ಹೆಚ್ಚಿನವರು ಕೈ ಕೆಡಿಸಿಕೊಳ್ಳುವುದು ಇಲ್ಲಿ, ಅವಸರ ಬೇಡ. 2003ರಲ್ಲಿ, ವೇಲ್ಸ್‌ನ ರಗ್ಬಿ ಆಡಳಿತ ಸಂಸ್ಥೆಯಾದ ವೆಲ್ಷ್ ರಗ್ಬಿ ಯೂನಿಯನ್‌ನ ಮುಖ್ಯಸ್ಥ ಡೇವಿಡ್ ಮಾಫೆಟ್ ಕಾಲದಲ್ಲಿ ಐದು ಪ್ರಾದೇಶಿಕ ತಂಡಗಳಾದವು. ಒಂದೊಂದಕ್ಕೂ ಒಂದು ಚೌಕ ಬರೆಯಿರಿ. ಅವುಗಳನ್ನು ಕಟ್ಟಿದ್ದು ಎಂಟು ಕ್ಲಬ್‌ಗಳು, ಆದ್ದರಿಂದ ಕೆರ್ಫಿಲಿಯಿಂದ ಗೆರೆ ಎಳೆಯಬೇಡಿ. ಕಾರ್ಡಿಫ್ ಮತ್ತು ಲನೆಲ್ಲಿ ಯಾರ ಜೊತೆಗೂ ಸೇರಲಿಲ್ಲ. ಅವುಗಳಿಂದ ಒಂದೊಂದೇ ಗೆರೆ ಕಾರ್ಡಿಫ್ ಬ್ಲೂಸ್‌ಗೆ, ಲನೆಲ್ಲಿ ಸ್ಕಾರ್ಲೆಟ್ಸ್‌ಗೆ ಹೋಗಲಿ. ನೀತ್ ಮತ್ತು ಸ್ವಾನ್ಸಿಯ ಗೆರೆಗಳು ಕೂಡಿ ನೀತ್-ಸ್ವಾನ್ಸಿ ಆಸ್ಪ್ರೇಸ್. ನ್ಯೂಪೋರ್ಟ್ ಮತ್ತು ಎಬ್ಬು ವೇಲ್ ಕೂಡಿ ಗ್ವೆಂಟ್ ಡ್ರ್ಯಾಗನ್ಸ್. ಪಾಂಟಿಪ್ರೀದ್ ಮತ್ತು ಬ್ರಿಜೆಂಡ್ ಕೂಡಿ ಸೆಲ್ಟಿಕ್ ವಾರಿಯರ್ಸ್.

ಈಗ ಪ್ರತಿ ಹಳೆಯ ಕ್ಲಬ್‌ನಿಂದ ಇನ್ನೊಂದು ಚುಕ್ಕಿ ಗೆರೆಯನ್ನು ಬಲಕ್ಕೆ ಎಳೆಯಿರಿ. ಕ್ಲಬ್‌ಗಳು ಸಾಯಲಿಲ್ಲ, ಒಂದು ಮೆಟ್ಟಿಲು ಕೆಳಗಿಳಿದು ದೇಶದೊಳಗಿನ ಲೀಗ್‌ನಲ್ಲಿ ಆಡುತ್ತ ಹೋದವು. ಈ ಚುಕ್ಕಿ ಗೆರೆ ಇಲ್ಲದ ನಕ್ಷೆ ಕೆಲಸಕ್ಕೆ ಬಾರದು. ನಾಲ್ಕು ಬಣ್ಣದ ಚೌಕಗಳಿರುವ ಸಿದ್ಧ ಚಿತ್ರಗಳನ್ನು ಇಳಿಸಿಕೊಳ್ಳಬೇಡಿ ಎಂದು ಹೇಳುವುದೂ ಇದಕ್ಕೇ. ಅವು ಚುಕ್ಕಿ ಗೆರೆಯನ್ನೂ ಬಿಡುತ್ತವೆ, ವಾರಿಯರ್ಸ್ ತಂಡವನ್ನೂ ಬಿಡುತ್ತವೆ.

ವಾರಿಯರ್ಸ್ ಬದುಕಿದ್ದು ಒಂದೇ ಋತು. ಆ ಋತುವಿನಲ್ಲೇ ಅದು ಲಂಡನ್ ವಾಸ್ಪ್ಸ್ ತಂಡವನ್ನು ಅವರದೇ ಅಂಗಳದಲ್ಲಿ ಸೋಲಿಸಿತು. ಮುಂದೆ ಯುರೋಪಿನ ಕಪ್ ಗೆದ್ದದ್ದು ಇದೇ ವಾಸ್ಪ್ಸ್. 2004ರ ಬೇಸಿಗೆಯಲ್ಲಿ ಯೂನಿಯನ್ ವಾರಿಯರ್ಸ್ ತಂಡವನ್ನು ವಿಸರ್ಜಿಸಿತು. ಅಲ್ಲಿ ಅಡ್ಡಗೆರೆ ಹಾಕಿ, ಪಾಂಟಿಪ್ರೀದ್ ಸೀಮೆಯನ್ನು ಕಾರ್ಡಿಫ್‌ಗೆ, ಬ್ರಿಜೆಂಡ್ ಸೀಮೆಯನ್ನು ಆಸ್ಪ್ರೇಸ್‌ಗೆ ಬಾಣದಿಂದ ತೋರಿಸಿ. ಬಾಣ ಸೀಮೆಗೆ ಮಾತ್ರ, ಅಭಿಮಾನಕ್ಕಲ್ಲ. ಪಾಂಟಿಪ್ರೀದ್‌ನಂಥ ಕಣಿವೆಯ ಊರಿನವರು ರಾಜಧಾನಿ ಕಾರ್ಡಿಫ್‌ನ ತಂಡವನ್ನು ತಮ್ಮದೆಂದು ಒಪ್ಪುವುದು ಸುಲಭವಿರಲಿಲ್ಲ. ಐರ್ಲೆಂಡಿನಲ್ಲಿ ಮನ್‌ಸ್ಟರ್, ಅಲ್‌ಸ್ಟರ್ ಎಂಬ ಪ್ರಾಂತ್ಯಗಳು ಮೊದಲೇ ಇದ್ದವು. ವೇಲ್ಸ್‌ನಲ್ಲಿ ಪ್ರದೇಶವನ್ನೇ ಹೊಸದಾಗಿ ಹುಟ್ಟಿಸಬೇಕಾಯಿತು.

ಹಂತ 4: ಹೆಸರು ತಿದ್ದಿ. ಆಸ್ಪ್ರೇಸ್ 2005, ಸ್ಕಾರ್ಲೆಟ್ಸ್ 2008, ಬರಿಯ ಡ್ರ್ಯಾಗನ್ಸ್ 2017, ‘ಬ್ಲೂಸ್’ ಬಿಟ್ಟ ಕಾರ್ಡಿಫ್ 2021.

ಹಂತ 5: ಗೆಲುವುಗಳನ್ನು ಅವರವರ ಖಾತೆಗೇ ಹಾಕಿ. 1972ರಲ್ಲಿ ನ್ಯೂಜಿಲೆಂಡನ್ನು 9-3ರಿಂದ ಸೋಲಿಸಿದ್ದು ಲನೆಲ್ಲಿ ಕ್ಲಬ್. ಅದನ್ನು ಸ್ಕಾರ್ಲೆಟ್ಸ್ ಚೌಕದಲ್ಲಿ ಬರೆಯಬೇಡಿ. 2005, 2007, 2010, 2012ರ ಲೀಗ್ ಪ್ರಶಸ್ತಿಗಳು ಆಸ್ಪ್ರೇಸ್‌ನವು, ಸ್ವಾನ್ಸಿಯವಲ್ಲ.

ಹಂತ 6: ಬಲ ಅಂಚನ್ನು ಖಾಲಿ ಬಿಡಿ. 2025ರಲ್ಲಿ ಕಾರ್ಡಿಫ್ ಆರ್ಥಿಕವಾಗಿ ಕುಸಿದು ಯೂನಿಯನ್ ಕೈಗೆ ಬಂತು. ನಾಲ್ಕು ತಂಡಗಳನ್ನು ಮೂರಕ್ಕೆ ಇಳಿಸುವ ಯೋಜನೆಯನ್ನೂ ಅದೇ ವರ್ಷ ಯೂನಿಯನ್ ಪ್ರಕಟಿಸಿತು. ಉತ್ತರ ವೇಲ್ಸ್‌ಗಾಗಿ ಕಾಲ್ವಿನ್ ಬೇ ಊರಿನಲ್ಲಿ ನೆಲೆಗೊಂಡಿರುವ ಆರ್‌ಜಿಸಿ 1404 ತಂಡವನ್ನು ಮೇಲ್ತುದಿಯಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಅದು ಐದನೆಯ ವೃತ್ತಿಪರ ಪ್ರದೇಶವಾಗಿಲ್ಲ, ಆದ್ದರಿಂದ ಉಳಿದ ಚೌಕಗಳ ಸಾಲಿಗೆ ಸೇರಿಸಬೇಡಿ.